ಠಾಣೆಯ ಮೊದಲ ರಾತ್ರಿ

2001ರ ಮೇ ತಿಂಗಳ ಒಂದು ರಾತ್ರಿ ಟರ್ಕಿಯ ಇಜ್ಮೀರ್‌ನಲ್ಲಿ ಹದಿನೇಳರ ಹುಡುಗನೊಬ್ಬನನ್ನು ಪೊಲೀಸರು ಹಿಡಿದರು. ನಿಷೇಧಿತ ಸಂಘಟನೆಯ ಪರ ಮೆರವಣಿಗೆಗೆ ಹೋದ, ಸೇತುವೆಗೆ ಬ್ಯಾನರ್ ಕಟ್ಟಿದ ಎಂಬುದು ಆರೋಪ. ನಡುರಾತ್ರಿ ದಾಟಿದ ಮೇಲೆ, ವಕೀಲರಿಲ್ಲದೆ, ಹೇಳಿಕೆ ಬರೆದುಕೊಂಡರು, ಹುಡುಗ ಒಪ್ಪಿಕೊಂಡ. ಹೊಡೆದು ಹೇಳಿಸಿದರೆಂದು ಆಮೇಲೆ ಮಾತು ಹಿಂತೆಗೆದುಕೊಂಡರೂ ಶಿಕ್ಷೆಗೆ ಮುಖ್ಯ ಆಧಾರವಾದದ್ದು ಆ ರಾತ್ರಿಯ ಕಾಗದವೇ.

ಆ ಕಾಗದ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ತಲುಪುವ ಮೊದಲೇ ಅಲ್ಲಿ ದೊಡ್ಡ ಕೆಲಸ ನಡೆದಿತ್ತು. 1950ರಲ್ಲಿ ರೋಮ್‌ನಲ್ಲಿ ಸಹಿಯಾದ ಮಾನವ ಹಕ್ಕುಗಳ ಒಡಂಬಡಿಕೆಯ ಆರನೇ ವಿಧಿ ನ್ಯಾಯಯುತ ವಿಚಾರಣೆಯ ಮಾತಾಡುತ್ತದೆ. ಕೋರ್ಟಿನ ಬಾಗಿಲು ತಟ್ಟುವ ಹಕ್ಕುಂಟೆಂದು ಅದರಲ್ಲೆಲ್ಲೂ ಬರೆದಿಲ್ಲ. ಬ್ರಿಟನ್ನಿನ ಕೈದಿಯೊಬ್ಬ ಜೈಲು ಸಿಬ್ಬಂದಿಯ ಮೇಲೆ ಮಾನನಷ್ಟ ಮೊಕದ್ದಮೆ ಹೂಡಲು ವಕೀಲರನ್ನು ಕಾಣಬೇಕೆಂದ, ಸರ್ಕಾರ ಬಿಡಲಿಲ್ಲ. ಬಾಗಿಲೇ ತೆರೆಯದಿದ್ದರೆ ಒಳಗಿನ ನ್ಯಾಯ ಯಾರಿಗೆ? 1975ರ ಗೋಲ್ಡರ್ ತೀರ್ಪು ಬರೆಯದ ಹಕ್ಕನ್ನು ಓದಿಕೊಂಡಿತು. 1979ರಲ್ಲಿ ಐರ್ಲೆಂಡಿನ ಏರಿ ಪ್ರಕರಣ: ಗಂಡನಿಂದ ಬೇರೆಯಾಗಬೇಕಿದ್ದ, ವಕೀಲರಿಗೆ ಕೊಡಲು ಕಾಸಿಲ್ಲದ ಹೆಂಗಸಿಗೆ ಹೈಕೋರ್ಟ್ ತೆರೆದಿದೆ ಎಂದರೆ ತೆರೆದಂತಾಗದು ಎಂದಿತು ನ್ಯಾಯಾಲಯ. ಇಟಲಿಯ ಕೋರ್ಟುಗಳ ವಿಳಂಬದ ದೂರುಗಳದ್ದು ಬೇರೆಯೇ ಕಥೆ. ತಡವಾದದ್ದಕ್ಕೆ ಪರಿಹಾರ ಕೊಡಲು 2001ರಲ್ಲಿ ಪಿಂಟೋ ಕಾನೂನು ಬಂತು. ಆ ಪರಿಹಾರವೂ ತಡವಾಯಿತೆಂದು ಮತ್ತೆ ದೂರುಗಳು ಬಂದವು!

ಇಜ್ಮೀರ್ ಹುಡುಗನ ಸಲ್ದುಜ್ ಪ್ರಕರಣದಲ್ಲಿ 2008ರ ನವೆಂಬರ್‌ನಲ್ಲಿ ಮಹಾಪೀಠ ಒಮ್ಮತದ ತೀರ್ಪು ಕೊಟ್ಟಿತು. ಪೊಲೀಸರ ಮೊದಲ ವಿಚಾರಣೆಯಿಂದಲೇ ವಕೀಲರು ಸಿಗಬೇಕು, ತಡೆಯಬೇಕಿದ್ದರೆ ಬಲವಾದ ಕಾರಣ ಬೇಕು. ಅದರ ಬಿಸಿ ಬೇಗ ಮುಟ್ಟಿತು: 2010ರಲ್ಲಿ ಸ್ಕಾಟ್ಲೆಂಡ್ ತರಾತುರಿಯಲ್ಲಿ ಕಾನೂನು ತಿದ್ದಿತು, ಮರುವರ್ಷ ಫ್ರಾನ್ಸ್.

ಆಮೇಲೆ ಹಿಡಿತ ಸಡಿಲಾಯಿತು. 2005ರ ಜುಲೈ 21ರ ಲಂಡನ್ ಬಾಂಬ್ ಯತ್ನಕ್ಕೆ ಸಂಬಂಧಿಸಿದ ಇಬ್ರಾಹಿಂ ತೀರ್ಪು 2016ರಲ್ಲಿ, ವಕೀಲರನ್ನು ತಡೆದದ್ದಕ್ಕೆ ಕಾರಣವಿಲ್ಲದಿದ್ದರೂ ಒಟ್ಟು ವಿಚಾರಣೆಯನ್ನು ತೂಗಿ ನೋಡಬೇಕೆಂದಿತು. ಬೆಲ್ಜಿಯಂನ ಬ್ಯೂಜ್ ತೀರ್ಪು 2018ರಲ್ಲಿ, ಕಾನೂನೇ ಸಾರಾಸಗಟಾಗಿ ವಕೀಲರನ್ನು ಹೊರಗಿಟ್ಟಿದ್ದ ಕಡೆಗೂ ಅದೇ ತಕ್ಕಡಿ ಒಯ್ದಿತು. ನನ್ನ ಕಣ್ಣಿಗೆ ಇದು ಹಿಂದಡಿಯೇ. ವಕೀಲರು ಬರುವವರೆಗೆ ಪ್ರಶ್ನೆ ಕೇಳಬೇಡ ಎಂಬುದು ಪೇದೆಗೂ ಅರ್ಥವಾಗುವ ಮಾತು. ತೂಗುವ ಕೆಲಸವಾದರೋ ವರ್ಷಗಳಾದ ಮೇಲೆ ಸ್ಟ್ರಾಸ್‌ಬರ್ಗ್‌ನಲ್ಲಿ ನಡೆಯುವಂಥದು.

ಈ ಚರ್ಚೆ ನಮಗೂ ದೂರದ್ದಲ್ಲ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಕೂಡದೆಂದ 2010ರ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬಲವಂತದ ಹೇಳಿಕೆಗಳ ಕುರಿತ ಸ್ಟ್ರಾಸ್‌ಬರ್ಗ್‌ನ ಸಾಂಡರ್ಸ್ ತೀರ್ಪನ್ನೂ ಪರಿಶೀಲಿಸಿತು. ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಲೇಬಾರದೆಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳಿಬಿಟ್ಟಿತ್ತು. ತಕ್ಕಡಿಯ ಗೊಡವೆಯೇ ಇರಲಿಲ್ಲ. ಆದರೆ 27ನೇ ಕಲಂನಲ್ಲಿ ಒಂದು ಕಿಂಡಿ: ಹೇಳಿಕೆಯಿಂದ ವಸ್ತು ಪತ್ತೆಯಾದರೆ ಅಷ್ಟು ಮಾತು ಒಳಗೆ ಬರುತ್ತಿತ್ತು. 2023ರ ಹೊಸ ಕಾಯ್ದೆಯಲ್ಲೂ ಮುಚ್ಚಿದ ಬಾಗಿಲು, ಕಿಂಡಿ ಎರಡೂ ಉಳಿದಿವೆ. ನಮ್ಮ ಮಹಜರುಗಳಲ್ಲಿ ಆರೋಪಿ ತಾನೇ ಮುಂದೆ ನಡೆದು ಪೊದೆಯಲ್ಲಿಟ್ಟ ಮಚ್ಚು ತೋರಿಸುವುದು ಆ ಕಿಂಡಿಗಾಗಿಯೇ.