ಮರೆಯಲ್ಲಿರುವ ಬಣ್ಣ, ಬರೆದಿಟ್ಟ ವಂಶಾವಳಿ: ಫಿಂಚ್ ತಳಿ ಸಾಕಣೆ ನಡೆದುಬಂದ ದಾರಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮಳೆಯಾಶ್ರಿತ ಹೊಲಗಳಲ್ಲಿ ತೆನೆಗೆ ಎರಗುವ ರಾಟವಾಳಗಳೂ ಪಂಜರದ ಬೆಂಗಾಲಿ ಫಿಂಚುಗಳೂ ಹತ್ತಿರದ ನೆಂಟರು. ಚೀನಾದಿಂದ ಬಂದ ಬಿಳಿಬೆನ್ನಿನ ರಾಟವಾಳವನ್ನು ಜಪಾನಿನಲ್ಲಿ ಎರಡು ಶತಮಾನಕ್ಕೂ ಹೆಚ್ಚು ಕಾಲ ಸಾಕಿ ಪಳಗಿಸಿದ್ದರ ಫಲವೇ ಬೆಂಗಾಲಿ. ಆದರೆ ಹೊಲದ ಹಕ್ಕಿಯನ್ನು ಹಿಡಿದು ಪಂಜರಕ್ಕೆ ಬಿಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಹೀಗಾಗಿ ಇಲ್ಲಿ ಸಾಕಬಹುದಾದ ಬೆಂಗಾಲಿಗೂ ಆಸ್ಟ್ರೇಲಿಯಾ ಮೂಲದ ಝೀಬ್ರಾ ಫಿಂಚಿಗೂ ಹೊಸ ರಕ್ತ ಬರುವುದು ಇನ್ನೊಬ್ಬರ ಪಂಜರದಿಂದಲೇ. ಸಣ್ಣ ಊರಿನಲ್ಲಿ ನಾಲ್ಕಾರು ಮನೆಗಳ ನಡುವೆಯೇ ಹಕ್ಕಿಗಳು ಕೈಬದಲಾದರೆ, ಮರೆಯಲ್ಲಿರುವ ಬಣ್ಣದ ವಂಶವಾಹಿಗಳೂ ಅಲ್ಲೇ ಸುತ್ತುತ್ತವೆ. ಅವನ್ನು ಹತೋಟಿಯಲ್ಲಿಡಲು ಸಾಕಣೆಗಾರನ ಕಣ್ಣು ಸಾಲದು, ದಾಖಲೆ ಬೇಕು. ಈ ಕ್ಷೇತ್ರದ ಇತಿಹಾಸ ಹೇಳುವುದೂ ಇದನ್ನೇ.

ಮರೆಯ ಬಣ್ಣದ ಗುಟ್ಟಿಗೆ ಹಳೆಯ ಸುಳಿವೊಂದು ಸಿಕ್ಕಿದ್ದು ಕೆನರಿ ಎಂಬ ಪಂಜರದ ಹಕ್ಕಿಯಲ್ಲಿ. ದಾಲ್ಚಿನ್ನಿ ಬಣ್ಣದ ಆನುವಂಶಿಕತೆ ಲಿಂಗದೊಂದಿಗೆ ಹೆಣೆದುಕೊಂಡಿದೆ ಎಂಬುದನ್ನು 1908ರಲ್ಲಿ ಇಂಗ್ಲೆಂಡಿನ ಡರ್ಹಾಂ ಮತ್ತು ಮ್ಯಾರಿಯಟ್ ಪ್ರಕಟಿಸಿದರು. ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್ ವರ್ಣತಂತುಗಳು, ಹೆಣ್ಣಿಗೆ ಒಂದೇ. ಆದ್ದರಿಂದ ಇಂಥ ಬಣ್ಣವನ್ನು ಗಂಡು ಬಚ್ಚಿಡಬಲ್ಲದು, ಹೆಣ್ಣು ಬಚ್ಚಿಡಲಾರದು. ಝೀಬ್ರಾ ಫಿಂಚಿನ ತಿಳಿಗಂದು ಬಣ್ಣವೂ ಇದೇ ನಿಯಮಕ್ಕೆ ಒಳಪಟ್ಟದ್ದು. ಬಿಳಿ ಮತ್ತು ಮಚ್ಚೆ ಬಣ್ಣಗಳನ್ನಾದರೋ ಗಂಡು ಹೆಣ್ಣು ಎರಡೂ ಬಚ್ಚಿಡುತ್ತವೆ. 1920ರ ದಶಕದಲ್ಲಿ ಜರ್ಮನಿಯ ಹಾನ್ಸ್ ಡುಂಕರ್ ಕೆಂಪು ಸಿಸ್ಕಿನ್‌ ಹಕ್ಕಿಯನ್ನು ಕೆನರಿಯೊಂದಿಗೆ ಕೂಡಿಸಿ, ಕೆಂಪು ಬಣ್ಣವನ್ನು ಲೆಕ್ಕ ಹಾಕಿ ತರಲು ಹೊರಟರು. 2010ರಲ್ಲಿ ಝೀಬ್ರಾ ಫಿಂಚಿನ ಜೀನೋಮ್ ಪ್ರಕಟವಾಯಿತು. ಅದರ ಹಳದಿ ಕೊಕ್ಕಿನ ಬಗೆಯ ಹಿಂದಿರುವ ವಂಶವಾಹಿಯ ನೆಲೆ 2016ರಲ್ಲಿ ಪತ್ತೆಯಾಯಿತು.

ಡಿಎನ್‌ಎ ಪರೀಕ್ಷೆಯ ಕಾಲದಲ್ಲಿ ವಂಶಾವಳಿಯ ಪುಸ್ತಕವೇಕೆ ಎಂದು ಕೇಳಬಹುದು. ಅಗ್ಗದ ಹಕ್ಕಿ ಒಂದೊಂದಕ್ಕೂ ಪರೀಕ್ಷೆ ಮಾಡಿಸುವುದು ಯಾರಿಗೂ ಗಿಟ್ಟದು. ಕೂಡಿಸಿ ನೋಡುವ ಹಳೆಯ ದಾರಿ ಈಗಲೂ ಗಟ್ಟಿ. ಬಿಳಿ ಬಣ್ಣ ಬಚ್ಚಿಟ್ಟಿದೆಯೆಂಬ ಅನುಮಾನವಿರುವ ಗಂಡನ್ನು ಬಿಳಿ ಹೆಣ್ಣಿಗೆ ಕೂಡಿಸಿದಾಗ ಒಂದೇ ಒಂದು ಬಿಳಿ ಮರಿ ಬಂದರೂ ಸಾಕು, ಗುಟ್ಟು ರಟ್ಟು. ಬಿಳಿ ಬಚ್ಚಿಟ್ಟ ಗಂಡಿಗೆ ಹುಟ್ಟಿದ ಐದೂ ಮರಿಗಳು ಮಾಮೂಲಿ ಬಣ್ಣದವಾಗಿ, ಅದು ನಮ್ಮ ಕಣ್ಣು ತಪ್ಪಿಸುವ ಸಾಧ್ಯತೆ 32ರಲ್ಲಿ 1, ಅಂದರೆ ಸುಮಾರು ಶೇ. 3. ಆದರೆ ಮರಿ ಯಾರದೆಂಬುದು ಖಚಿತವಿಲ್ಲದಿದ್ದರೆ ಈ ಲೆಕ್ಕ ನಿಲ್ಲದು. ಝೀಬ್ರಾ ಫಿಂಚಿನ ಹೆಣ್ಣು ಇನ್ನೊಂದರ ಗೂಡಿನಲ್ಲೂ ಮೊಟ್ಟೆಯಿಡುವುದುಂಟು. ಅದಕ್ಕೇ ಪಂಜರಕ್ಕೆ ಒಂದೇ ಜೋಡಿ, ಗೂಡಿನಲ್ಲಿರುವಾಗಲೇ ಮರಿಯ ಕಾಲಿಗೆ ರಿಂಗು, ಪುಸ್ತಕದಲ್ಲಿ ತಾರೀಖು.

ಇದಕ್ಕಿಂತ ಬಲವಾದ ಆಕ್ಷೇಪವೊಂದಿದೆ: ಅಣ್ಣ ತಂಗಿಯನ್ನೇ ಕೂಡಿಸಿದರೆ ಬಣ್ಣ ಬೇಗ ಹೊರಬರುವುದಿಲ್ಲವೇ? ಬರುತ್ತದೆ, ನಿಜ. ಬಿಳಿ ಗಂಡಿಗೂ ಅಪ್ಪಟ ಮಾಮೂಲಿ ಹೆಣ್ಣಿಗೂ ಹುಟ್ಟಿದ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಸರಾಸರಿ ನಾಲ್ಕರಲ್ಲೊಂದು ಬಿಳಿ. ಆದರೆ ಮೊಟ್ಟೆಯಲ್ಲೇ ಸಾಯಿಸುವ, ಮರಿಯನ್ನು ಬಡಕಲಾಗಿಸುವ ಮರೆಯ ದೋಷಗಳೂ ಅದೇ ದಾರಿಯಲ್ಲಿ ಜೊತೆಗೂಡುತ್ತವೆ. ರಕ್ತಸಂಬಂಧವಿಲ್ಲದ ಎರಡು ಮನೆಗಳ ಬಿಳಿ ಹಕ್ಕಿಗಳನ್ನು ಬೇರೆಬೇರೆಯಾಗಿ ಅಪ್ಪಟ ಮಾಮೂಲಿ ಹಕ್ಕಿಗಳಿಗೆ ಕೂಡಿಸಿ ಮರಿ ಮಾಡಿಸಿ, ಆ ಮರಿಗಳನ್ನು ಪರಸ್ಪರ ಕೂಡಿಸಿದರೂ ಬಿಳಿಯ ಪಾಲು ಅಷ್ಟೇ, ಅಪಾಯ ಮಾತ್ರ ಕಡಿಮೆ. ಆ ಎರಡು ಮನೆಗಳ ಹಕ್ಕಿಗಳು ನಿಜಕ್ಕೂ ಸಂಬಂಧಿಕರಲ್ಲವೆಂದು ಹೇಳಬಲ್ಲದ್ದು ಪುಸ್ತಕವೊಂದೇ. ಆದ್ದರಿಂದ ಹಕ್ಕಿಯನ್ನು ಮಾರುವವರು ಅದರ ಪುಟದ ನಕಲನ್ನೂ ಜೊತೆಗೆ ಕೊಡುವ ರೂಢಿ ಬರಬೇಕು. ಬಣ್ಣ ಬಚ್ಚಿಟ್ಟಿದೆಯೆಂದು ಹೆಚ್ಚು ಬೆಲೆ ಹೇಳುವ ಹಕ್ಕಿಗೆ ಕೊಳ್ಳುವ ಹೊತ್ತಿನಲ್ಲಿ ಬೇರೆ ಸುಲಭ ಪುರಾವೆಯಿಲ್ಲ.