ತಡವಾಗಿ ತೆರೆದ ಬಾಗಿಲು

ಮೈಸೂರಿನ ಅಗ್ರಹಾರದ ಮನೆಯಲ್ಲಿ ನಮ್ಮ ದೊಡ್ಡಜ್ಜಿ ಮೂವತ್ತು ವರ್ಷ ತವರಿನಲ್ಲೇ ಕಳೆದರು. ಗಂಡ ಇನ್ನೊಬ್ಬಳನ್ನು ಮದುವೆಯಾಗಿದ್ದ. ಆದರೂ ಶಾಸ್ತ್ರದ ಗಂಟು ಬಿಚ್ಚುವಂತಿರಲಿಲ್ಲ. ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದ ಹೆಂಗಸಿಗೆ ಈ ಕಷ್ಟವಿರಲಿಲ್ಲ. ಕುಲದ ಪಂಚಾಯಿತಿ ಅವಳ ಸಂಬಂಧ ಹರಿದುಕೊಟ್ಟಿತು. ಕೂಡಿಕೆಯಾಗಿ ಅವಳು ಮತ್ತೆ ಬಾಳಿದಳು.

ನಮ್ಮದು ಮಾದರಿ ಸಂಸ್ಥಾನವೆಂದು ಹೇಳಿಕೊಳ್ಳುತ್ತೇವೆ. ಸುಳ್ಳಲ್ಲ, 1933ರಲ್ಲೇ ಇಲ್ಲಿ ಹಿಂದೂ ಸ್ತ್ರೀಯರ ಆಸ್ತಿಹಕ್ಕಿಗೆ ಶಾಸನವಾಯಿತು. ವಿಚ್ಛೇದನದ ಮಾತು ಮಾತ್ರ ಬರಲಿಲ್ಲ. ದೂರದ ತುರ್ಕಿ 1926ರಲ್ಲೇ ಸ್ವಿಟ್ಜರ್ಲೆಂಡಿನ ಸಂಹಿತೆಯನ್ನು ತಂದುಕೊಂಡು, ಗಂಡಹೆಂಡಿರಿಬ್ಬರಿಗೂ ಆ ವಿಷಯದಲ್ಲಿ ನ್ಯಾಯಾಲಯದ ದಾರಿ ತೋರಿಸಿತ್ತು. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡಕ್ಕೆ 1947ರಲ್ಲಿ, ಮದರಾಸಿಗೆ ಸೇರಿದ್ದ ಮಂಗಳೂರಿಗೆ 1949ರಲ್ಲಿ ಅಂಥ ಕಾಯಿದೆ ಬಂತು. ಮೈಸೂರು 1955ರ ಹಿಂದೂ ವಿವಾಹ ಕಾಯಿದೆಯವರೆಗೆ ಕಾಯಬೇಕಾಯಿತು.

ಆ ಕಾಯಿದೆ ಕುಲಾಚಾರದ ಬಿಡುಗಡೆಯನ್ನು ಅಳಿಸಲಿಲ್ಲ. ಜೊತೆಗೆ, ಅದು ಜಾರಿಗೆ ಬರುವ ಮೊದಲೇ ಗಂಡ ಮತ್ತೊಂದು ಮದುವೆಯಾಗಿ, ಆ ಹೆಂಡತಿಯೂ ಬದುಕಿದ್ದರೆ, ಮೊದಲನೆಯವಳು ವಿಚ್ಛೇದನ ಕೇಳಬಹುದೆಂದಿತು. ಅದು ನಮ್ಮ ದೊಡ್ಡಜ್ಜಿಗಾಗಿಯೇ ಬರೆದಂತಿತ್ತು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ 1976ರ ತಿದ್ದುಪಡಿಯೇ ಬೇಕಾಯಿತು.

ಆ ವೇಳೆಗೆ ದೊಡ್ಡಜ್ಜಿಗೆ ಐವತ್ತು ದಾಟಿತ್ತು. ವಕೀಲರ ಬಳಿಗೆ ಹೋಗೋಣವೆಂದ ತಮ್ಮನಿಗೆ, “ಇನ್ನು ಯಾರಿಗೆ ಬೇಕೋ ಅದು?” ಎಂದು ಹೇಳಿ ಒಲೆಯ ಕಡೆ ತಿರುಗಿದರಂತೆ.