ಕಂತ್ರಿ ನಾಯಿ ಅಂದವನಿಗೆ

1/5
ಹೋದ ವಾರ ನಮ್ಮ ಕಾಳ್ಯಾನ ಫೋಟೋ ನೋಡಿ ಕ್ಲಾಸಿನವನೊಬ್ಬ ಕೇಳಿದ: "ಯಾವ ಬ್ರೀಡ್?" ಬ್ರೀಡ್ ಏನಿಲ್ಲ, ಬೋನಾಳದಾಗ ನಮ್ಮ ಮನಿ ಹಿತ್ತಲದಾಗ ಹುಟ್ಟಿದ್ದು ಅಂದೆ. "ಹಂಗಾದ್ರ ಕಂತ್ರಿ ಬಿಡು" ಅಂತ ನಕ್ಕ. ಖರೇ ಹೇಳ್ತೀನಿ, ಸಿಟ್ಟು ಬಂತು. ಆಮ್ಯಾಲ ಕುಂತು ಓದಿದೆ. ಓದಿದ್ದು ಇಲ್ಲದ, ಸ್ವೈಪ್ ಮಾಡ್ರಿ.

2/5
ಕಂತ್ರಿ ಅಂದ್ರ ಬೇರೇನಲ್ಲ, ಇಂಗ್ಲಿಷಿನ "ಕಂಟ್ರಿ". ಬ್ರಿಟಿಷರ ಕಾಲದಾಗ ವಿಲಾಯ್ತಿಯದು ಅಲ್ಲದ್ದು, ಇಲ್ಲಿಯದು ಅನ್ನೋದಕ್ಕೆ ಬಳಸ್ತಿದ್ದ ಪದ. ನಮ್ಮ ಬಾಯಾಗ ಬೈಗುಳ ಆಗಿ ಉಳೀತು.
ಈಗ ತಮಾಷೆ ನೋಡ್ರಿ. ಆ ಗೆಳೆಯನಿಗೆ ಬಸೆಂಜಿ ಸಾಕೋ ಆಸೆ. ಬೊಗಳೋದು ಕಡಿಮೆ, ರಾಗ ಎಳೀತದ, ಬೆಕ್ಕಿನಂಗ ಮೈ ನೆಕ್ಕಿ ಸ್ವಚ್ಛ ಮಾಡ್ಕೋತದ. ಕಾಂಗೋ ಕಾಡಿನ ಬೇಟೆಗಾರರು ಅದರ ಕೊರಳಿಗೆ ಗಂಟೆ ಕಟ್ತಿದ್ರು, ಸದ್ದಿಲ್ಲದ ನಾಯಿ ಎಲ್ಲಿ ಹೋಯ್ತಂತ ತಿಳೀಲಿಕ್ಕೆ. 1895ರಲ್ಲಿ ಇಂಗ್ಲೆಂಡಿಗೆ ಒಯ್ದಿದ್ದವು ರೋಗ ಬಂದು ಸತ್ತವು. 1930ರ ದಶಕದಾಗ ಮತ್ತೆ ಒಯ್ದು ಸಾಕಿದ ಮ್ಯಾಲೆ ಅದು "ಬ್ರೀಡ್" ಆಯ್ತು. ಅಲ್ಲಿಯ ಭಾಷೆಯೊಳಗ ಆ ಹೆಸರಿನ ಅರ್ಥ ಹೆಚ್ಚುಕಮ್ಮಿ ಹಳ್ಳಿಗಾಡಿನವರ ನಾಯಿ ಅಂತ. ಅಂದ್ರ ಕಂತ್ರಿ!

3/5
ನಮ್ಮ ಕಡೆ ಮುಧೋಳ ನಾಯಿ ಕಥಿನೂ ಅಷ್ಟೇ. ಕುರಿಗಾರರ, ಬೇಟೆಗಾರರ ಜೋಡಿ ಓಡಾಡಿದ ನಾಯಿ. ಮುಧೋಳದ ಘೋರ್ಪಡೆ ರಾಜರು ಕೈ ಹಿಡಿದರು, ಊರಿನ ಹೆಸರು ಬಂತು. 2005ರಲ್ಲಿ ಅಂಚೆಚೀಟಿ ಮ್ಯಾಲೂ ಬಂತು.

4/5
ನನಗ ಭಾಳ ಹಿಡಿಸಿದ್ದು ಇದು. ಫೋಟೋ ಜೂಮ್ ಮಾಡ್ರಿ: ಕಲ್ಲಿನಾಗ ನಾಯಿ ಮತ್ತು ಹಂದಿ ಕಾದಾಡ್ಲಿಕತ್ತಾವ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಸುಮಾರು ಕ್ರಿ.ಶ. 949-50ರದು. ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಾಗ ಅದ.
ರಾಷ್ಟ್ರಕೂಟರ ಮೂರನೇ ಕೃಷ್ಣ (ರಾಜಧಾನಿ ನಮ್ಮ ಸೇಡಂ ತಾಲೂಕಿನ ಮಳಖೇಡ!) ತಕ್ಕೋಲದಲ್ಲಿ ಚೋಳರ ಜೋಡಿ ಯುದ್ಧಕ್ಕಿಳಿದ. ಗಂಗರ ಬೂತುಗ ಅವನ ಕಡೆ ನಿಂತು ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಾಗ ಮಣಲೇರ ಅನ್ನೋ ವೀರನ ಶೌರ್ಯ ನೋಡಿ ಬೂತುಗ, ಏನು ಬೇಕು ಕೇಳು ಅಂದ. ಮಣಲೇರ ಊರು ಕೇಳಬಹುದಿತ್ತು, ಬಂಗಾರ ಕೇಳಬಹುದಿತ್ತು. ಕೇಳಿದ್ದು ಒಂದು ನಾಯಿ. ಹೆಸರು ಕಾಳಿ.
ಮುಂದ ಕಾಳಿಯನ್ನ ದೊಡ್ಡ ಹಂದಿ ಮ್ಯಾಲ ಬಿಟ್ಟರು. ಎರಡೂ ಸತ್ತವು. ಊರಿನ ಚಲ್ಲೇಶ್ವರ ಗುಡಿ ಮುಂದ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಹೊಲ ಬಿಟ್ಟರು. ಪೂಜೆ ಮಾಡೋ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಅಂತ ಬರೆಸಿದರು. ಚೋಳನ ಸೋಲೂ ನಾಯಿಯ ಸಾವೂ ಒಂದೇ ಕಲ್ಲಿನಾಗ. ನಾಯಿಯ ತಳಿ ಯಾವುದಂತ ಒಂದಕ್ಷರ ಇಲ್ಲ, ಹೆಸರು ಮಾತ್ರ ಅದ.

5/5
ಕೊನೇ ಫೋಟೋ ನಮ್ಮ ಕಾಳ್ಯಾ, ಬೋನಾಳ ಕೆರಿ ಏರಿ ಮ್ಯಾಲ. ಹಗ್ಗ ಹಾಕೀನಿ, ಯಾಕಂದ್ರ ಇದು ಪಕ್ಷಿಧಾಮ, ಇವನಿಗೆ ಹಕ್ಕಿ ಕಂಡ್ರ ತಡಿಯಂಗಿಲ್ಲ. ದಿನಾ ಅವ್ವ ಮೊದಲನೇ ರೊಟ್ಟಿ ಇವನಿಗೆ ಹಾಕಿನೇ ತಾನು ಉಣ್ತಾಳ. ಶಾಸನದ ಕಥಿ ಹೇಳಿದೆ. ಪೂರ್ತಿ ಕೇಳಿ ಒಂದೇ ಮಾತು ಕೇಳಿದ್ಲು: "ಪಾಪ, ಆ ಕಾಳಿಗೆ ಹೊಟ್ಟಿಗೆ ಏನ್ ಹಾಕ್ತಿದ್ರಂತ?"
ಅದೊಂದು ಕಲ್ಲಿನಾಗ ಬರದಿಲ್ಲ.

#ಬೋನಾಳ #ಸುರಪುರ #ಆತಕೂರು #ಕಂತ್ರಿ